ಪಡುವಣ ಗೋಡೆಗೆ ಹೊದಿಸಿದ ಕೌದಿ

ನಾನು ಒಂದು ಕೌದಿ. ಹಳೆಯ ಬಟ್ಟೆಗಳಿಂದ ಹುಟ್ಟಿದವಳಾದ್ದರಿಂದ ಹುಟ್ಟುವಾಗಲೇ ನನಗೆ ನೆನಪುಗಳಿದ್ದವು. ಮುಂಭಾಗಕ್ಕೆ ಕಸ್ತೂರಿಬಾಯಿಯ ಕರಿ ಸೀರೆ, ಅದರ ಮೇಲೆ ಕೆಂಪು ಹಳದಿ ತುಂಡುಗಳು. ಬೆನ್ನಿಗೆ ಅವಳ ತೀರಿಹೋದ ಗಂಡನ ಬಿಳಿ ಧೋತರ. ನಡುವಿನ ಪದರಗಳು ಯಾರ್ಯಾರವೋ. ಮಗಳು ಮಹಾನಂದಾಳ ಚೊಚ್ಚಲ ಬಾಣಂತನಕ್ಕೆಂದೇ ಅವಳು ನನ್ನನ್ನು ಹೊಲಿದಳು. ಹಸಿದ ಕೌದಿ ಹೊದ್ದವರಿಗೆ ನಿದ್ದೆ ಬಾರದೆಂದು ಅವಳ ನಂಬಿಕೆ. ಕೊನೆಯ ಮೂಲೆ ಮುಚ್ಚುವ ಮುಂಚೆ ಒಂದು ಚೂರು ಹೋಳಿಗೆ ಒಳಗಿಟ್ಟಳು. ಆ ಸಿಹಿ ವಾಸನೆಯಲ್ಲಿ ಮಡಿಚಿ ಮಲಗಿ ನಾನು ಒಂದೇ ಕನಸು ಕಾಣುತ್ತಿದ್ದೆ: ಒಂದು ಕೂಸು, ಅದರ ಉಸಿರು, ಅದರ ಮೇಲೆ ನಾನು.

ಕೂಸು ಬಂತು. ಆದರೆ ಬಂದದ್ದು ಕಲಬುರಗಿಗೆ, ಅದೂ ಏಪ್ರಿಲ್ ತಿಂಗಳಲ್ಲಿ. ಇನ್ನು ಹೊದೆಯುವ ಮಾತೆಲ್ಲಿ!

ಕಸ್ತೂರಿಬಾಯಿಯ ಬಾಡಿಗೆ ಮನೆ ಮಹಡಿಯ ಮೇಲಿತ್ತು. ಬಾಣಂತಿ ಕೋಣೆಯ ಪಡುವಣ ಗೋಡೆ ಮಧ್ಯಾಹ್ನವಾದರೆ ರೊಟ್ಟಿ ಹಂಚಿನಂತೆ ಕಾಯುತ್ತಿತ್ತು. ಕೂಸಿನ ಮೈತುಂಬ ಬೆವರುಸಾಲೆ, ಇಡೀ ದಿನ ಅಳು. ನೋಡಲು ಬಂದ ಬೀಗಿತಿ ಗೋಡೆ ಮುಟ್ಟಿ ಕೈ ಹಿಂದಕ್ಕೆಳೆದುಕೊಂಡಳು.

"ಐತವಾರ ಮತ್ತ ಬರ್ತೀನಿ. ಹಿಂಗೇ ಇದ್ರ ತಾಯಿ-ಕೂಸು ಇಬ್ಬರನ್ನೂ ಕರ್ಕೊಂಡು ಹೋಗ್ತೀನಿ ನೋಡ್ರಿ" ಎಂದಳು.

ಬಾಣಂತನ ಅರ್ಧಕ್ಕೆ ನಿಂತು ಮಗಳು ತವರು ಬಿಟ್ಟು ಹೋಗುವುದೆಂದರೆ ಕಸ್ತೂರಿಬಾಯಿಗೆ ಜೀವ ಹೋದಂತೆ. ಗೋಡೆಗೆ ಹೊರಗಿನಿಂದ ಏನಾದರೂ ಹೊದಿಸಬೇಕಿತ್ತು. ಆದರೆ ಹೇಗೆ? ಅದರ ಬುಡದಲ್ಲಿ ಪಕ್ಕದ ಮೆಹಬೂಬ್‌ಬಿಯ ಮನೆಯ ತಗಡಿನ ಚಾವಣಿ. ಅಲ್ಲಿ ಏಣಿ ನಿಲ್ಲದು. ಮನೆ ಮಾಲೀಕರೋ, ಮೊಳೆಯ ಹೆಸರೆತ್ತಿದರೆ ಉರಿದು ಬೀಳುವ ಆಸಾಮಿ.

ಕಸ್ತೂರಿಬಾಯಿ ನನ್ನನ್ನೂ ಮನೆಯ ಎರಡು ಹಳೆ ಕೌದಿಗಳನ್ನೂ ಹೊತ್ತು ಮನೆಯ ಮೇಲಿನ ಬಯಲು ಮಾಳಿಗೆ ಹತ್ತಿದಳು. ನಮ್ಮ ಅಂಚಿಗೆ ಬಿದಿರು ಸೇರಿಸಿ ಹೊಲಿದು, ಹಗ್ಗ ಕಟ್ಟಿ ಗೋಡೆಗುಂಟ ಇಳಿಬಿಟ್ಟಳು. ಮೊಳೆಯ ಬದಲು, ಮಾಳಿಗೆಯ ಮೇಲೆ ಹಗ್ಗದ ತುದಿಗೆ ಮರಳುಚೀಲ ಹೇರಿದಳು. ನನಗೆ ಅಳುವೇ ಬಂತು. ಕೂಸಿಗೆಂದು ಹುಟ್ಟಿದವಳು ಬೀದಿಪಾಲಾದೆನಲ್ಲ!

ಎರಡು ದಿನವಾದರೂ ಕೋಣೆ ತಣಿಯಲಿಲ್ಲ. ಕಸ್ತೂರಿಬಾಯಿಗೆ ತನ್ನ ಹೊಲಿಗೆಯೆಂದರೆ ಬಲು ಹೆಮ್ಮೆ. ನಾಲ್ಕು ಮಂದಿ ನೋಡಲೆಂದು ನನ್ನ ಚೆಂದದ ಕರಿ ಮುಖವನ್ನೇ ಹೊರಗೆ ಮಾಡಿದ್ದಳು. ಮೆಹಬೂಬ್‌ಬಿ ತನ್ನ ಅಂಗಳದಲ್ಲಿ ನಿಂತು ನಕ್ಕಳು.

"ಯಕ್ಕಾ, ಊರಿಗೆ ಚೆಂದ ತೋರ್ಸಾಕ ಹೋಗಿ ಮೊಮ್ಮಗಳನ್ನ ಬೇಯಿಸ್ತೀಯೇನು? ಕರೀದು ಬಿಸಿಲು ಕುಡೀತದ. ಧೋತರದ ಮಗ್ಗಲ ಹೊರಗ ಮಾಡು. ಗೋಡಿಗಿ ಅಂಟಸಬ್ಯಾಡ, ನಡುವ ಗಾಳಿ ಆಡಲಿ."

ಕಸ್ತೂರಿಬಾಯಿ ನಾಚಿ ನನ್ನನ್ನು ಮಗುಚಿದಳು. ಗೋಡೆಗೆ ನಾನು ಅಂಟದಂತೆ ಮೇಲಿನಿಂದ ಜೋಳದ ದಂಟಿನ ಕಟ್ಟುಗಳನ್ನು ಇಳಿಬಿಟ್ಟಳು. ಮೆಹಬೂಬ್‌ಬಿ ಕೆಳಗಿನಿಂದ ಉದ್ದ ಕೋಲಿನಲ್ಲಿ ಅವನ್ನು ನನ್ನ ಮತ್ತು ಗೋಡೆಯ ನಡುವೆ ತಳ್ಳಿದಳು. ಬಿಸಿಲನ್ನೆಲ್ಲ ಧೋತರ ಹೊತ್ತುಕೊಂಡಿತು. ನನ್ನ ಹೂವಿನಂಥ ಮುಖ ನೆರಳಿಗೆ, ಗೋಡೆಯ ಕಡೆಗೆ ತಿರುಗಿತು. ಇನ್ನು ಅದನ್ನು ನೋಡುವವರು ಯಾರೂ ಇರಲಿಲ್ಲ.

ಐತವಾರ ಮಧ್ಯಾಹ್ನ ಬೀಗಿತಿ ಬಂದಳು. ಒಳಗೆ ಅವಳು ಗೋಡೆಯ ಮೇಲೆ ಅಂಗೈ ಇಟ್ಟಳು. ಈ ಸಲ ತೆಗೆಯಲಿಲ್ಲ.

"ಕೂಸು ಮಲಗ್ಯಾದ. ಎಬ್ಬಿಸಬ್ಯಾಡ್ರಿ. ಐದು ತಿಂಗಳು ತುಂಬಲಿ, ಆಮ್ಯಾಲೆ ಕರ್ಕೊಂಡು ಹೋಗಾಕ ಬರ್ತೀನಿ" ಎಂದಳು.

ಅಡುಗೆಮನೆಯಲ್ಲಿ ಕಸ್ತೂರಿಬಾಯಿ ಅತ್ತದ್ದು ನನಗೂ ಕೇಳಿಸಿತು. ಕನಸಿನಲ್ಲಿ ಕಂಡಿದ್ದ ಆ ಉಸಿರು ಒಂದೇ ಇಟ್ಟಿಗೆಯಾಚೆ ಏರಿಳಿಯುತ್ತಿತ್ತು. ಗಾಳಿ ಬೀಸಿದಾಗಲೆಲ್ಲ ನಾನೂ ಅದರ ಜೊತೆ ಮೆಲ್ಲಗೆ ತೂಗಿದೆ.

ಎರಡು ಬೇಸಿಗೆಗಳಲ್ಲಿ ಧೋತರ ಹಪ್ಪಳವಾಯಿತು. ಹೋಳಿಗೆಯನ್ನು ಇರುವೆಗಳು ಎಂದೋ ಹೊತ್ತೊಯ್ದವು. ಕಸ್ತೂರಿಬಾಯಿ ಮನೆ ಬಿಡುವಾಗ ಮೆಹಬೂಬ್‌ಬಿ ನನ್ನನ್ನು ತನಗೆ ಕೊಡೆಂದು ಅವಳನ್ನು ಕೇಳಿ ಇಳಿಸಿಕೊಂಡಳು. ಈಗ ನಾನು ಅವಳ ನೀರಿನ ಮಡಕೆಗೆ ಸುತ್ತಿಕೊಂಡು ತಂಪಾಗಿದ್ದೇನೆ, ಹಗಲೆಲ್ಲ ತೂಕಡಿಸುತ್ತೇನೆ.

ಮೊನ್ನೆ ಮಹಾನಂದಾ ಮೆಹಬೂಬ್‌ಬಿಯನ್ನು ನೋಡಲು ಬಂದಿದ್ದಳು, ಜೊತೆಗೆ ನಾಲ್ಕು ವರ್ಷದ ಮಗಳು. ಹುಡುಗಿ ಗಟಗಟ ನೀರು ಕುಡಿದು, ಒದ್ದೆ ಕೈಗಳನ್ನು ನನಗೆ ಒರೆಸಿ ಆಡಲು ಓಡಿದಳು. ಅವಳು ನನ್ನನ್ನು ಮುಟ್ಟಿದ್ದು ಅದೇ ಮೊದಲು.