ಹೆಸರಿನ ಬಾಲಕ್ಕೆ ಹೆಸರು

ಕಿರ್ರೆಂದು, ಅನ್ನದಲ್ಲಿ ಹರಳು ಕಚ್ಚಿದ ಹಾಗೆ, ಇದೂ ಒಂದು ಸದ್ದೇ, ಮಹಾಲಯ ಅಮಾವಾಸ್ಯೆಯ ದಿನ ದೇವರ ಎದುರಿಗೆ ಗಂಟೆ ಕೇಳಬೇಕಾದ ಕಡೆ ಒಂದು ಪ್ರಿಂಟರು ಹಲ್ಲು ಕಡಿಯುತ್ತಿದೆ — ಕೋದಂಡರಾಮಪ್ಪನವರು ಮಂಟಪದ ಕಂಬಕ್ಕೆ ಬೆನ್ನು ಕೊಟ್ಟು ನೋಡುತ್ತಾರೆ, ಸೂಜಿಗಳ ತಲೆ ಬಲಕ್ಕೆ ಓಡುತ್ತದೆ, ಕಾಗದ ಒಂದು ಗೆರೆ ಮೇಲೇಳುತ್ತದೆ, ತಲೆ ಎಡಕ್ಕೆ ಮರಳುತ್ತದೆ, ಥೂ, ನಂಗಲಿಯ ಹೆದ್ದಾರಿಯ ಲಾರಿಗಳ ಗದ್ದಲ ಸಾಲದಾಗಿತ್ತು ಈ ಗುಡಿಗೆ. ಆ ಲಾರಿಗಳ ಧಣಿ ಚನ್ನರಾಯಪ್ಪನೇ ಈಗ ಗುಡಿಯ ಅಧ್ಯಕ್ಷ, ಕೈಯಲ್ಲಿ ಕರ್ಚೀಫು ಹಿಡಿದು ಕಂಪ್ಯೂಟರಿನ ಧೂಳು ಒರೆಸುತ್ತಾನೆ, ದೇವರ ಬಾಗಿಲು ಒರೆಸಿದವನಲ್ಲ, ಕೋಲಾರ ಜಿಲ್ಲೆಯಲ್ಲೇ ಮೊದಲು ಕಣ್ರೀ, ಪಿತೃಗಳ ಹೆಸರು ಕಂಪ್ಯೂಟರಿನಿಂದ ಬರೋದು ನಮ್ಮ ಗುಡೀಲೇ, ಎಂದು ಬಂದವರಿಗೆಲ್ಲ ಹೇಳುತ್ತಾನೆ, ಪಿತೃಗಳು ಕೇಳಿದ್ದರೇ, ಕಂಪ್ಯೂಟರಿಲ್ಲದೆ ನಮ್ಮನ್ನು ಕರೆಯಬೇಡಿ ಎಂದು.

ಇಷ್ಟು ವರ್ಷ ಹೇಗೆ ನಡೆದಿತ್ತು, ಮನೆಯವರು ಹಣತೆ ತಂದು ದೇವರ ಮುಂದೆ ಇಡುವುದು, ಸತ್ತವರ ಹೆಸರನ್ನು ಪೂಜಾರಿಯ ಕಿವಿಯಲ್ಲಿ ಹೇಳುವುದು, ಪೂಜಾರಿ ಅದನ್ನು ಒಂದೇ ಸಲ ಗಟ್ಟಿಯಾಗಿ ಕರೆದು ಬತ್ತಿ ಹಚ್ಚುವುದು, ಹೋದವರು ಆ ಕರೆ ಕೇಳಿ, ದೀಪ ನೋಡಿ, ತೃಪ್ತರಾಗಿ ಹೊರಡುತ್ತಾರೆ. ಒಂದೇ ಸಲ. ಅಮ್ಮ ಹೇಳಿಕೊಟ್ಟದ್ದು, ಎರಡನೇ ಸಲ ಕರೀಬಾರದು ಕಂದಾ, ಕರೆದರೆ ಹೊರಟವರು ಹೊಸ್ತಿಲ ಮೇಲೆ ನಿಂತು ತಿರುಗಿ ನೋಡ್ತಾರೆ, ತಿರುಗಿದ ಕಾಲಿಗೆ ಆಮೇಲೆ ದಾರಿ ತಿಳಿಯೋದಿಲ್ಲ. ವೆಂಕಟರತ್ನಮ್ಮ ತೀರಿಕೊಂಡ ಮೇಲೆ ಇದು ಮೊದಲನೇ ಮಹಾಲಯ. ಹೆಂಡತಿಯನ್ನು ಒಂದು ಸಲ ಸರಿಯಾಗಿ ಕರೆದು ಕಳಿಸಿಬಿಡಬೇಕು, ಅಷ್ಟೇ ಉಳಿದಿರುವ ಕೆಲಸ, ಅದಕ್ಕಾಗಿಯೇ ಬೆಳಗಿನಿಂದ ಉಪವಾಸ, ಶ್ರೀನಿವಾಸಪುರದಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದದ್ದು, ಆ ಕೆಲಸದ ನಡುವೆ ಕಂಪ್ಯೂಟರಿನ ಮುಂದೆ ಬಂದು ಕೂತಿರುವವನು ಅಳಿಯ ಕದಿರೇಶ, ಹೆಸರು ಅಚ್ಚು ಹಾಕುವ ಪ್ರೋಗ್ರಾಮು ಬರೆದವನೂ ಅವನೇ.

ಮಾಲೂರಿನವನು, ಕೋಲಾರದಲ್ಲಿ ಸೈಕಲ್ ಶಾಪಿನ ಮಹಡಿಯ ಮೇಲೆ ಕಂಪ್ಯೂಟರ್ ಕ್ಲಾಸು, ಸಿ ಎಂಬ ಭಾಷೆ ಕಲಿಸುತ್ತಾನೆ, ಭಾಷೆಯಂತೆ, ತಾಯಿಯಿಲ್ಲ, ಗಾದೆಯಿಲ್ಲ, ಬೈಗುಳವೂ ಇಲ್ಲ. ಹೋದ ತಿಂಗಳು ಶ್ಯಾಮಲಾಳನ್ನು ನೋಡಲು ಹೋದಾಗ ಕೂರಿಸಿಕೊಂಡು ವಿವರಿಸಿದ್ದ, ಮಗಳು ಕಾಫಿ ತಂದಿಟ್ಟು ಅಪ್ಪಾ ಸುಮ್ಮನೆ ಕೇಳಿಸಿಕೋ ಎಂದು ಕಣ್ಣಿನಲ್ಲೇ ಬೇಡಿಕೊಂಡಳು — ಮಾವ, ಹೆಸರು ಇಡೋಕೆ ಮೆಮೊರೀಲಿ ಒಂದು ಡಬ್ಬಿ ಇರ್ತದೆ, ಸ್ಟ್ರ್‌ಲೆನ್ ಅಂದ್ರೆ ಅದರಲ್ಲಿರೋ ಹೆಸರಿನ ಉದ್ದ ಅಳೀತದೆ, ಸ್ಟ್ರ್‌ಕಾಪಿ ಅಂದ್ರೆ ಹಳೇದರ ಮೇಲೇ ಹೊಸದು ಬರೀತದೆ, ಸ್ಟ್ರ್‌ಕ್ಯಾಟ್ ಅಂದ್ರೆ ಹಳೇದನ್ನ ಹಾಗೇ ಬಿಟ್ಟು ಅದರ ಬಾಲಕ್ಕೆ ಹೊಸದು ಸೇರಿಸ್ತದೆ, ಇವನ್ನ ನಾವು ಬರೀಬೇಕಾಗೇ ಇಲ್ಲ ಮಾವ, ಭಾಷೆ ಜೊತೇಲೇ ಬರ್ತವೆ. ಬರದೇ ಏನು, ಕೂಲಿಯಾಳುಗಳು ಜೊತೆಯಲ್ಲೇ ಬಂದರೆ ಯಜಮಾನನಿಗೆ ಬುದ್ಧಿ ಯಾಕೆ ಬೇಕು. ಸ್ಟ್ರ್‌ಕಂಪ್ ಅಂತ ಇನ್ನೊಂದಿದೆ ಮಾವ, ಎರಡು ಹೆಸರು ಹೋಲಿಸ್ತದೆ, ಎರಡೂ ಒಂದೇ ಆದ್ರೆ ಸೊನ್ನೆ ಅಂತದೆ. ಒಂದೇ ಆದರೆ ಸೊನ್ನೆ, ವಾಹ್, ಎಂಥ ವಿವೇಕ, ಹಾಗಾದರೆ ತಾನೂ ವೆಂಕಟರತ್ನಮ್ಮನೂ ಒಂದು ದಿನವೂ ಸೊನ್ನೆಯಾಗಲಿಲ್ಲ, ತಾನು ಉಪ್ಪು ಎಂದರೆ ಅವಳು ಹುಳಿ, ತಾನು ಬಸ್ಸು ಎಂದರೆ ಅವಳು ನಡೆದೇ ಹೋಗೋಣ ಅನ್ನುವವಳು, ಮುಂದೆ ಮುಂದೆ ನಡೆದು ತಿರುವಿನಲ್ಲಿ ನಿಂತು ತಿರುಗಿ ನೋಡುವವಳು, ಬಂದ್ರಾ, ಅಥವಾ ಅಲ್ಲೇ ಮೇಷ್ಟ್ರಗಿರಿ ಮಾಡ್ತಾ ನಿಂತ್ರಾ.

ಎಲ್ಲ ಸರಿಯಿದೆ ಮಾವ, ನಿನ್ನೆ ಅತ್ತೆ ಹೆಸರು ಹಾಕಿ ನೋಡಿದೆ, ಕರೆಕ್ಟಾಗಿ ಬಂತು ಎಂದಿದ್ದ ಕದಿರೇಶ ಬೆಳಿಗ್ಗೆ, ಇವತ್ತೂ ಅತ್ತೆದೇ ಮೊದಲು. ಮೊದಲು ಬಂತು, ನಿಜ, ಇಂಗ್ಲಿಷ್ ಅಕ್ಷರಗಳಲ್ಲಿ, ಚುಕ್ಕೆ ಚುಕ್ಕೆಯಾಗಿ, ಸಿಡುಬಿನ ಕಲೆಯ ಹಾಗೆ. ಪೂಜಾರಿ ಶ್ರೀರಾಮಪ್ಪ ಕಾಗದವನ್ನು ಮೂಗಿನ ತನಕ ತಂದು ಓದಿದ, ತನ್ನದೇ ಶಿಷ್ಯ, ಏಳನೇ ಕ್ಲಾಸಿನಲ್ಲೂ ಹೀಗೇ ತಡವರಿಸುತ್ತಿದ್ದ, ವೆಂ-ಕ-ಟ-ರತ್ನಮ್ಮಾ, ಹಣತೆ ಹತ್ತಿತು, ಕಣ್ಣು ಮುಚ್ಚಿ ಕೈ ಮುಗಿದದ್ದಾಯಿತು, ಹೋಗು ತಾಯಿ, ಹೋಗು, ಮುಗಿಯಿತು — ಮುಗಿಯಬೇಕಾಗಿತ್ತು. ಆಮೇಲೆ ಚಿಕ್ಕಗಂಗಮ್ಮ ತನ್ನ ಮಾವನ ಹಣತೆ ಇಟ್ಟಳು, ಸೂಜಿ ಓಡಿತು, ಪೂಜಾರಿ ಓದಿದ, ವೆಂಕಟರತ್ನಮ್ಮ ದೊಡ್ಡಮುನಿಯಪ್ಪ.

ಈಮೆ ಎವರಪ್ಪ, ಎಂದಳು ಚಿಕ್ಕಗಂಗಮ್ಮ ತೆಲುಗಿನಲ್ಲಿ, ಯಾರಪ್ಪ ಈಕೆ, ನಮ್ಮ ಮಾವ ಬದುಕಿರೋ ತನಕ ಒಬ್ಬರನ್ನೂ ಮುಂದೆ ನಡೆಯೋಕೆ ಬಿಟ್ಟವರಲ್ಲ, ಈಗ ಯಾರೋ ಹೆಂಗಸಿನ ಹಿಂದೆ ಕಳಿಸ್ತೀರಲ್ಲ. ನಿಂತವರು ನಕ್ಕರು, ಹೋಗ್ಲಿ ಬಿಡಮ್ಮ, ದಾರೀಲಿ ಜೊತೆಯಾಯ್ತು, ಎಂದ ಸೊಣ್ಣಪ್ಪ, ಅವನ ಸರದಿ ಬಂದಾಗ ಅವನ ತಾಯಿ ಅಂಜಮ್ಮನ ಮುಂದೆ ಆ ಇಬ್ಬರೂ ಇದ್ದರು, ಅವನ ನಗು ನಿಂತಿತು. ಕೋದಂಡರಾಮಪ್ಪನವರಿಗೆ ಮೈಯೆಲ್ಲ ಉರಿಯುತ್ತದೆ, ಮೂರ್ಖ, ಡಬ್ಬಿ ತೊಳೆಯದೆ ಮೇಲೆ ಮೇಲೆ ಸುರಿಯುತ್ತಿದ್ದಾನೆ, ಒಂದೇ ಹೆಸರು ಹಾಕಿ ಪರೀಕ್ಷೆ ಮಾಡಿದರೆ ಇನ್ನೇನಾಗುತ್ತದೆ, ಒಂದೇ ಮಗುವಿರುವ ಮನೆಯಲ್ಲಿ ಜಗಳವಿಲ್ಲ ಎಂದ ಹಾಗೆ, ಊಟದೆಲೆಯನ್ನಾದರೂ ಬದಲಾಯಿಸುತ್ತಾರಲ್ಲ ಪಂಕ್ತಿಯಿಂದ ಪಂಕ್ತಿಗೆ, ಅಷ್ಟೂ ಆಚಾರವಿಲ್ಲದ ಯಂತ್ರ, ಅಷ್ಟೂ ತಿಳಿಯದ ಅಳಿಯ. ಸೂಜಿ ಎಡಕ್ಕೆ ಮರಳುತ್ತದೆ. ಮತ್ತೆ ಕರೆ. ಮತ್ತೆ ಅವಳು ಹೊಸ್ತಿಲ ಮೇಲೆ, ಒಂದು ಕಾಲು ಆಚೆ, ಕತ್ತು ಮಾತ್ರ ಇತ್ತ — ಬಂದ್ರಾ.

ಬೇಡ, ನೋಡಬೇಡ, ಹೋಗು. ಆಸ್ಪತ್ರೆಯಲ್ಲಿ ಕೊನೆಯ ದಿನ ಅವಳಿಗೆ ಕಣ್ಣಿದ್ದೂ ಗುರುತಿರಲಿಲ್ಲ, ಅದು ಒಂದು ನೋಟವೇ, ಅದಾದ ಮೇಲೆ ಮನೆಯಲ್ಲಿ ಎಷ್ಟು ನೆನೆದರೂ ಮುಖ ಬರುತ್ತಿರಲಿಲ್ಲ, ಸೀರೆಯ ಅಂಚು ಬರುತ್ತಿತ್ತು, ಬಳೆ ಬರುತ್ತಿತ್ತು, ಮುಖ ಇಲ್ಲ, ರಾಮಾ, ಇಷ್ಟು ವರ್ಷ ನಿನ್ನ ನಾಮ ಹೇಳಿದ ಬಾಯಿಗೆ ಅಷ್ಟೂ ಕೊಡಲಿಲ್ಲ ನೀನು. ಈಗ ಬರುತ್ತಿದೆ. ಆ ಪೆದ್ದ ತಡವರಿಸಿ ಓದಿದಾಗಲೆಲ್ಲ ಬರುತ್ತಿದೆ, ಗಲ್ಲದ ಮಚ್ಚೆ, ಒಂದು ಹುಬ್ಬು ಮೇಲೆತ್ತಿದ ಆ ತಾತ್ಸಾರ, ಅವಳ ತಾತ್ಸಾರದ ಮುಂದೆ ತನ್ನದು ಏನೇನೂ ಅಲ್ಲ.

ಕದಿರೇಶ ಎದ್ದು ಬಂದಿದ್ದಾನೆ, ಹಣೆಯಲ್ಲಿ ಬೆವರು, ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಪಿಸುಗುಡುತ್ತಾನೆ, ಮಾವ, ತಪ್ಪು ಗೊತ್ತಾಯ್ತು, ಮೊದಲು ಸ್ಟ್ರ್‌ಕಾಪಿ ಹಾಕಿ ಅಳಿಸಬೇಕಾಗಿತ್ತು, ಬರೀ ಸ್ಟ್ರ್‌ಕ್ಯಾಟ್ ಹಾಕಿಬಿಟ್ಟಿದ್ದೀನಿ, ಡಬ್ಬಿ ತುಂಬಿದ್ರೆ ಪಕ್ಕಕ್ಕೆ ಚೆಲ್ಲಿ ಮಿಷನ್ನೇ ನಿಂತುಹೋಗ್ತದೆ. ನಿಲ್ಲಿಸಿ ಸರಿ ಮಾಡ್ಲಾ ಮಾವ, ಒಂದೇ ಸಾಲು, ಅತ್ತೆ ಹೆಸರು ಹೋಗ್ಬಿಡ್ತದೆ. ಹೋಗ್ಬಿಡ್ತದೆ ಅನ್ನುತ್ತಾನೆ, ಎಷ್ಟು ಸಲೀಸಾಗಿ. ಶ್ರೀರಾಮಪ್ಪನೂ ಕಾಗದ ಕೆಳಗಿಳಿಸಿ ನೋಡುತ್ತಿದ್ದಾನೆ, ಮೇಷ್ಟ್ರೇ, ತಾವು ಹೇಳಿದ ಹಾಗೆ, ಶಾಸ್ತ್ರ ತಿಳಿದವರು ತಾವು, ಒಂದ್ಸಲ ಕರೆದವರನ್ನ ಮತ್ತೆ ಕರೀಬಾರದಲ್ವಾ. ಕರೆಯಬಾರದು. ಮಗುವಿಗೂ ಗೊತ್ತು. ನಿಲ್ಲಿಸು ಎಂದರೆ ಅವಳು ಬಿಡುಗಡೆಯಾಗಿ ಹೊರಡುತ್ತಾಳೆ, ಆ ಮುಖವನ್ನೂ ಜೊತೆಗೆ ಒಯ್ದು ಹೊರಡುತ್ತಾಳೆ, ಹೇಳಬೇಕಾದದ್ದು ಅದೇ, ಧರ್ಮ ಅದೇ, ಬಾಯಿ ತೆರೆಯುತ್ತದೆ —

ಮುಂದಿನದು ಯಾರದ್ದು, ಎಂದು ಕೇಳುತ್ತಾರೆ ಕೋದಂಡರಾಮಪ್ಪನವರು. ಗಂಗುಲಪ್ಪನ ಮನೇದು ಮಾವ. ಪಾಪ, ಉಪವಾಸ ಇದ್ದು ಬಂದಿದ್ದಾರೆ, ಅವರದ್ದೊಂದು ಆಗ್ಲಿ ಅಳಿಯಂದಿರೇ, ಆಮೇಲೆ ನೋಡೋಣ. ಕದಿರೇಶ ಮಾವನ ಮುಖ ನೋಡಿ ಎದ್ದು ಹೋಗಿ ಗುಂಡಿ ಒತ್ತುತ್ತಾನೆ, ಸೂಜಿಗಳ ತಲೆ ಎಡಕ್ಕೆ ಮರಳುತ್ತದೆ, ಎಡದ ಅಂಚಿಗೆ, ಶ್ರೀರಾಮಪ್ಪ ಮೂಗಿನ ತನಕ ಕಾಗದ ತರುತ್ತಾನೆ, ವೆಂ, ಕ, ಹೊಸ್ತಿಲ ಮೇಲೆ ಒಂದು ಕಾಲು, ಟ, ಕತ್ತು ತಿರುಗುತ್ತದೆ, ಹುಬ್ಬು ಮೇಲೇಳುತ್ತದೆ, ಕತ್ತು ತಿರುಗುತ್ತದೆ, ಕತ್ತು