ಕಂದು ಅಂಗಿಯ ಭಾನುವಾರ

ನವೆಂಬರ್ ತಿಂಗಳ ಆ ಭಾನುವಾರದ ಬೆಳಗು, ಫ್ರಾನ್ಸಿನ ಮೊರ್ವಾಂ ಗುಡ್ಡಗಳ ಮೇಲೆ ಮಂಜು ಕಾಸಿದ ಹಾಲಿನ ಕೆನೆಯಂತೆ ಮಂದವಾಗಿ ಹರಡಿತ್ತು. ಬೀಚ್ ಮರಗಳು ತಮ್ಮ ತಾಮ್ರವರ್ಣದ ಎಲೆಗಳನ್ನು ಜಿಪುಣ ದಾನ ಮಾಡುವಂತೆ ಹಿಂದುಮುಂದು ನೋಡುತ್ತ ಒಂದೊಂದಾಗಿ ಉದುರಿಸುತ್ತಿದ್ದವು. ದಾರಿ ತಪ್ಪಿದ ಸೂರ್ಯಕಿರಣವೊಂದು ಕಾಡಿನ ಜಲ್ಲಿಹಾದಿಗೆ ಇಳಿದು, ಒದ್ದೆಗಲ್ಲುಗಳನ್ನು ಅರೆಗಳಿಗೆ ರತ್ನಗಳನ್ನಾಗಿಸಿ, ಮತ್ತೆ ಜಲ್ಲಿಯಾಗಿಯೇ ಬಿಟ್ಟು ಹೋಗುತ್ತಿತ್ತು. ಆಹಾ! ಸಹೃದಯ ಓದುಗರೇ, ಇಂಥ ರಮಣೀಯ ಮೌನದಲ್ಲಿ ಯಾರಿಗಾದರೂ ಪ್ರೇಮವೇ ನೆನಪಾಗಬೇಕು. ಕೆರೆಯ ದಂಡೆಯಲ್ಲಿ ಸೈಕಲ್ಲಿಗೆ ಒರಗಿ ನಿಂತಿದ್ದ ಎಡ್ವಿಜಳಿಗೂ ಅದೇ ನೆನಪಾಗುತ್ತಿತ್ತು... ಕಹಳೆ ಕೇಳಿಸುವವರೆಗೆ.

ಒಂದೇ ಒಂದು ದೀರ್ಘ ಕಹಳೆ. ಹಂದಿಬೇಟೆ ಶುರುವಾಯಿತೆಂದು ಅದರ ಅರ್ಥ. ಅನರ್ಥವಿದ್ದದ್ದು ಅದು ಬಂದ ದಿಕ್ಕಿನಲ್ಲಿ! ಪೂರ್ವದ ಫರ್ ಮರಗಳ ತೋಪಿನಿಂದ ಬರಬೇಕಾದದ್ದು ಪಶ್ಚಿಮದ ದೊಡ್ಡ ಕಾಡಿನಿಂದ ಬಂದಿತ್ತು. ಆ ಕಾಡಿನೊಳಗೆ ಈಗ, ಅವಳೇ ಗುರುತು ಹಾಕಿಕೊಟ್ಟ ಹಾದಿಯಲ್ಲಿ, ಗಾತಿಯಾಂ ಸೈಕಲ್ ತುಳಿಯುತ್ತಿದ್ದ.

ನಲವತ್ತೊಂದರ ಎಡ್ವಿಜ್ ಆ ಊರಿನ ಗ್ರಾಮ ಕಚೇರಿಯ ಗುಮಾಸ್ತೆ. ಯಾವ ಭಾನುವಾರ ಯಾವ ಕಾಡಿನಲ್ಲಿ ಬೇಟೆ ಎಂಬ ಚೀಟಿಯನ್ನು ಫಲಕಕ್ಕೆ ಅಂಟಿಸುವವಳೂ ಅವಳೇ, ದಪ್ಪ ಗಾಲಿಯ ಸೈಕಲ್ಲುಗಳಲ್ಲಿ ಮಣ್ಣುದಾರಿ ಹುಡುಕಿಕೊಂಡು ಬರುವವರಿಗೆ ನಕ್ಷೆಯ ಮೇಲೆ ನೀಲಿ ಪೆನ್ಸಿಲಿನಲ್ಲಿ ಹಾದಿ ಬರೆದುಕೊಡುವವಳೂ ಅವಳೇ. ಗಾತಿಯಾಂ ದಿಜೋಂ ಪಟ್ಟಣದಲ್ಲಿ ಕನ್ನಡಕದ ಅಂಗಡಿ ಇಟ್ಟವನು. ಊರಿಗೆಲ್ಲ ದೃಷ್ಟಿ ಕೊಡುವ ಈ ಮಹಾಶಯನಿಗೆ ಅವಳನ್ನು ದೃಷ್ಟಿಸಿ ನೋಡಲು ಮಾತ್ರ ಧೈರ್ಯವಿರಲಿಲ್ಲ. ಹನ್ನೊಂದು ಶನಿವಾರ ಬಂದು, ಹನ್ನೊಂದು ಹಾದಿ ಬರೆಸಿಕೊಂಡು, "ಬೋಂಜೂರ್" ಎಂಬ ನಮಸ್ಕಾರ ಮತ್ತು "ಥ್ಯಾಂಕ್ಸ್" ಬಿಟ್ಟು ಮೂರನೆಯ ಮಾತು ಆಡದೆ ಹೋದವನು! ನಿನ್ನೆ ಮಾತ್ರ ಹೊಸ ಅಂಗಿ ತೊಟ್ಟು ಬಂದಿದ್ದ. ಜಲ್ಲಿಹಾದಿಯ ಸೈಕಲ್ ಸವಾರರ ಶೋಕಿಯೇ ವಿಚಿತ್ರ. ಟಾರುರಸ್ತೆಯ ಸವಾರರು ಗಿಳಿಗಳಂತೆ ಮಿಂಚಿದರೆ, ಇವರಿಗೆ ಕೆಸರು, ಪಾಚಿ, ಒಣಗಿದೆಲೆಗಳ ಬಣ್ಣವೇ ಬೇಕು. ಗಾತಿಯಾಂನ ಅಂಗಿಯಂತೂ ಕಾಡುಹಂದಿಯ ಅಳತೆ ಕೊಟ್ಟೇ ಹೊಲಿಸಿದಂಥ ಕಡುಗಂದು.

"ಈ ಬಣ್ಣ ನಿಮಗೆ ತುಂಬಾ ಒಪ್ಪುತ್ತೆ. ನಾಳೇನೂ ಇದನ್ನೇ ಹಾಕ್ಕೊಂಡು ಬನ್ನಿ. ಕೆರೆ ಹತ್ರ ಕಾಯ್ತಿರ್ತೀನಿ," ಎಂದಿದ್ದಳು ಎಡ್ವಿಜ್.

ಈಗ ಆ ಮಾತೇ ಅವಳನ್ನು ಚುಚ್ಚುತ್ತಿತ್ತು. ಮೊಬೈಲ್ ತೆಗೆದಳು, ಆ ಕಣಿವೆಯಲ್ಲಿ ಸಿಗ್ನಲ್ ಎಂದೂ ಬಂದದ್ದಿಲ್ಲ. ಸೈಕಲ್ ಹತ್ತಿದಳು. ಮಂಜಿನ ಬಿಳಿತೆರೆಯೊಳಗಿಂದ ನಾಯಿಗಳ ಕೊರಳಗಂಟೆ, ಹಂದಿ ಎಬ್ಬಿಸುವವರ ಕೂಗು... ಎದೆಯೊಳಗೆ ಯಾರೋ ಒಣಗಿದೆಲೆಗಳನ್ನು ತುಳಿದು ಓಡಾಡುತ್ತಿದ್ದಾರೆ ಎನ್ನಿಸುವಷ್ಟು ಸದ್ದು!

ಕಾಡಿನ ಅಂಚಿನಲ್ಲಿ ಕಿತ್ತಳೆ ಬಣ್ಣದ ಕವಚ ತೊಟ್ಟ ಮುದುಕನೊಬ್ಬ ಬಂದೂಕು ಹಿಡಿದು ಮರಕ್ಕೆ ಬೆನ್ನು ಕೊಟ್ಟು ನಿಂತಿದ್ದ. ಅವಳ ಅಪ್ಪನ ಗೆಳೆಯ ಆನ್ಸೆಲ್ಮ್.

"ಮಾವಾ! ಇವತ್ತು ಫರ್ ತೋಪಲ್ಲಿ ಅಲ್ವಾ ಬೇಟೆ? ನಾನೇ ಚೀಟಿ ಅಂಟಿಸಿದ್ದೀನಿ!"

"ಚೀಟಿ ಯಾರು ಓದ್ತಾರೆ ಕೂಸೇ? ಹಂದಿಗಳು ಈ ಕಡೆ ಹುಲ್ಲುಗಾವಲು ಅಗೆದು ಹಾಕಿವೆ ಅಂತ ನಿನ್ನೆ ಸಂಜೆ ಕೆಫೆಯಲ್ಲಿ ಎಲ್ರಿಗೂ ಹೇಳಾಯ್ತಲ್ಲ. ಊರಿಗೂರೇ ಇತ್ತು. ನೀನೆಲ್ಲಿ ಹಾಳಾಗಿ ಹೋಗಿದ್ದೆ?"

ಪ್ರತಿ ಶನಿವಾರ ಸಂಜೆ ಆ ಊರಿನ ನಿಜವಾದ ಕಚೇರಿ ಕೆಫೆಯ ಕಟ್ಟೆಯೇ. ಅಲ್ಲಿ ಹೇಳಿದ್ದು ಊರಿಗೆಲ್ಲ ಹೇಳಿದಂತೆ. ಎಡ್ವಿಜ್ ತಪ್ಪಿಸಿದ್ದು ಅದೊಂದೇ ಸಂಜೆ. ಭಾನುವಾರಕ್ಕೆಂದು ಕೂದಲು ಕತ್ತರಿಸಿಕೊಳ್ಳಲು ಪಕ್ಕದ ಪಟ್ಟಣಕ್ಕೆ ಹೋಗಿದ್ದಳು.

"ಒಳಗೆ ಒಬ್ರು ಇದ್ದಾರೆ ಮಾವಾ. ಸೈಕಲ್ ಮೇಲೆ."

"ಯಾವ ಬಣ್ಣದ ಬಟ್ಟೆ?"

ಅವಳು ಹೇಳಿದಳು. ಮುದುಕನ ಮುಖದ ತುಂಟತನವೆಲ್ಲ ಒಮ್ಮೆಲೇ ಇಂಗಿಹೋಯಿತು. "ಅಯ್ಯೋ ದೇವರೇ! ತಗೋ, ನನ್ನ ಟೋಪಿ ಹಾಕ್ಕೋ, ಬಾಯಿ ಮುಚ್ಚದೆ ಕೂಗ್ತಾ ಹೋಗು," ಎಂದವನೇ ಕಿತ್ತಳೆ ಟೋಪಿಯನ್ನು ಅವಳ ತಲೆಗೆ ಒತ್ತಿ, ಸೊಂಟದ ಕಹಳೆಯನ್ನು ತುಟಿಗಿಟ್ಟ.

ಬೇಟೆ ನಿಲ್ಲಿಸಲು ಮೂರು ದೀರ್ಘ ಕಹಳೆ. ಒಬ್ಬ ಊದಿದ್ದನ್ನು ಕೇಳಿ ಮುಂದಿನವನು ಊದಬೇಕು, ಅವನದನ್ನು ಕೇಳಿ ಅದರಾಚೆಯವನು. ಮೊದಲನೆಯದಾಯಿತು... ಎರಡನೆಯದಾಯಿತು... ಮೂರನೆಯದು ಮಂಜಿನಲ್ಲಿ ಇನ್ನೂ ತೇಲುತ್ತಿದ್ದಾಗಲೇ ಕಾಡಿನ ಆಳದಲ್ಲಿ ಗುಂಡು ಸಿಡಿಯಿತು.

ಒಂದೇ ಗುಂಡು. ಆಮೇಲೆ ಮೌನ.

ಸಹೃದಯರೇ, ಆ ಮೌನದ ಉದ್ದವನ್ನು ಯಾವ ಗಡಿಯಾರ ಅಳೆದೀತು! ಎಡ್ವಿಜ್ ತುಳಿದಳು, ಕೆಸರು ಮುಖಕ್ಕೆ ಚಿಮ್ಮಿತು, ಬೇರುಗಳು ಗಾಲಿಗೆ ತೊಡರಿದವು, ಕತ್ತರಿಸಿ ತೀಡಿದ್ದ ಕೂದಲು ಬೆವರಿಗೆ ಹಣೆಗಂಟಿತು. ಆ ಹಾದಿಯ ಪ್ರತಿ ತಿರುವನ್ನೂ ಅವಳೇ ಪ್ರೀತಿಯಿಂದ ಆರಿಸಿದ್ದಳು: ಇಲ್ಲಿ ತೊರೆ ಕಾಣಲಿ, ಇಲ್ಲಿ ಏರು ಹಗುರಾಗಲಿ, ಇಲ್ಲಿ ಅವನಿಗೆ ತನ್ನ ನೆನಪಾಗಲಿ ಎಂದು. ಈಗ ಒಂದೊಂದು ತಿರುವೂ, ಆಚೆ ಏನು ಬಿದ್ದಿದೆಯೋ ಎಂದು ಅವಳನ್ನೇ ಹೆದರಿಸುತ್ತಿತ್ತು. ದೂರದಲ್ಲಿ ಕಹಳೆಗಳು ಒಂದನ್ನೊಂದು ಹಿಂಬಾಲಿಸಿ ಮೊಳಗಿದವು. ಬೇಟೆಗಾರರು ಗುಂಡು ತೆಗೆದು ಬಂದೂಕುಗಳನ್ನೆಲ್ಲ ಬರಿದು ಮಾಡಿದರು ಎಂದು ಅವಳಿಗೆ ಗೊತ್ತು. ಆದರೆ ಸಿಡಿದದ್ದು ಅದಕ್ಕೂ ಮೊದಲಲ್ಲವೇ?

ಆಗ ಕೇಳಿಸಿತು ಒಂದು ಧ್ವನಿ.

"ನಾನು ಮನುಷ್ಯ! ಗಾತಿಯಾಂ ವೊಜೆಲ್! ಕನ್ನಡಕದ ಅಂಗಡಿ! ಎರಡು ಕಾಲು, ಎರಡೇ ಕಾಲು!"

ಕಹಳೆಯ ಭಾಷೆ ಪಟ್ಟಣದವನಿಗೇನು ಗೊತ್ತು? ಸುತ್ತಲೂ ಮೊಳಗಿದ್ದನ್ನು ತನ್ನ ಮರಣಭೇರಿ ಎಂದೇ ನಂಬಿ, ಮನುಷ್ಯಧ್ವನಿ ಕೇಳಿದರೆ ಯಾರೂ ಗುಂಡು ಹಾರಿಸಲಾರರೆಂದು ಆತ ಅರಚುತ್ತಿದ್ದ. ನಿಲ್ಲಿಸಿದರೆ ಸಾವು! ಹೆಸರು ಮುಗಿಯಿತು, ಕಸುಬು ಮುಗಿಯಿತು, ಕಾಲುಗಳ ಲೆಕ್ಕವೂ ಮುಗಿಯಿತು. ಹೇಳಲು ಉಳಿದದ್ದು ಒಂದೇ ವಿಷಯ.

"ಮದಾಂ ಎಡ್ವಿಜ್! ನಂಗೆ ಸೈಕಲ್ ಅಂದ್ರೇನೇ ಆಗಲ್ಲ! ಮಂಡಿ ನೋವು! ನಕ್ಷೆ ಮೇಲೆ ನಿಮ್ಮ ಬೆರಳು ಓಡೋದು ನೋಡಕ್ಕೇ ಬರ್ತಿದ್ದೆ! ಮೂರನೇ ವಾರ ಮಳೇಲಿ ಅರ್ಧಕ್ಕೇ ವಾಪಸ್ ಹೋದೆ, ಪೂರ್ತಿ ತುಳಿದೆ ಅಂತ ಸುಳ್ಳು ಹೇಳ್ದೆ! ಶುಕ್ರವಾರ ರಾತ್ರಿ ನಿದ್ದೆ ಬರಲ್ಲ! ಯಾರಾದ್ರೂ ಅವರಿಗೆ ತಿಳಿಸಿ, ದಯವಿಟ್ಟು!"

ತಿರುವಿನಾಚೆ ಏಳೆಂಟು ಬೇಟೆಗಾರರು ಗುಂಡು ತೆಗೆದು ನಡುವೆ ಮಡಚಿದ ಬಂದೂಕನ್ನು ತೋಳಿಗೆ ಹಾಕಿಕೊಂಡು, ಚರ್ಚಿನಲ್ಲಿರುವಂತೆ ಟೋಪಿ ತೆಗೆದು ನಿಂತಿದ್ದರು. ಮುಂದಿದ್ದವನು ತುಟಿಗೆ ಬೆರಳಿಟ್ಟು, "ಶ್... ಮುಗಿಸ್ಲಿ ಬಿಡಮ್ಮ, ಪಾಪ," ಎಂದು ಪಿಸುಗುಟ್ಟಿದ.

ಗಾತಿಯಾಂ ಬೀಚ್ ಮರದ ಬುಡವನ್ನು ತಬ್ಬಿ, ಎಲೆಗಳಲ್ಲಿ ಮುಖ ಹುದುಗಿಸಿ ಬಿದ್ದಿದ್ದ. ಅವನ ತಲೆಯಿಂದ ಗೇಣುದ್ದ ಮೇಲೆ ತೊಗಟೆ ಸಿಡಿದು ಮರದ ಹಸಿ ಬಿಳುಪು ಕಾಣುತ್ತಿತ್ತು. ಅದನ್ನು ಕಂಡದ್ದೇ ಎಡ್ವಿಜ್ ಸೈಕಲ್ ಕೈಬಿಟ್ಟಳು. ಅವನ ಪಕ್ಕದಲ್ಲೇ ಕೆಸರಿನಲ್ಲಿ ಕೂತುಬಿಟ್ಟಳು.

"ಬೇಟೆ ನಿಂತಿದೆ. ಏಳಿ," ಎಂದಳು.

ಅವನು ತಲೆಯೆತ್ತಿದ. "ನೀವು... ಎಲ್ಲಿಂದ ಕೇಳಿಸ್ಕೊಂಡ್ರಿ?"

"'ಎರಡು ಕಾಲು' ಅಂದ್ರಲ್ಲ, ಅಲ್ಲಿಂದ."

"ನಾವೂನೂ ಮೊಸ್ಯೂ!" ಹಿಂದಿನಿಂದ ಯಾರೋ ಕೂಗಿದರು. "ಮಂಡಿಗೆ ಹಂದಿ ಕೊಬ್ಬು ಹಚ್ಚಿ, ಒಳ್ಳೇದು!"

ಯಾರೂ ಜೋರಾಗಿ ನಗಲಿಲ್ಲ. ಹಂದಿಗೆ ಗುರಿಯಿಟ್ಟು ತಪ್ಪಿದವನು ಮರದ ಆ ಬಿಳಿ ಗಾಯವನ್ನೇ ನೋಡುತ್ತ, ಬರಿದಾದ ಬಂದೂಕನ್ನು ಎರಡೆರಡು ಸಲ ಪರೀಕ್ಷಿಸುತ್ತಿದ್ದ. ಎಡ್ವಿಜ್ ಕಿತ್ತಳೆ ಟೋಪಿ ತೆಗೆದು ಗಾತಿಯಾಂನ ತಲೆಗೆ ಹಾಕಲು ಹೋದಳು. ಟೋಪಿ ಅವನ ಕಣ್ಣಿನ ಮೇಲೆ ಜಾರಿತು. ಅವನು ಅವಳ ಕೈಯನ್ನು ಹಿಡಿದುಕೊಂಡ.

"ನಾನೇ ನಿಮ್ಮನ್ನ ಕೊಂದುಬಿಡ್ತಿದ್ದೆ," ಎಂದಳು ಅವಳು, ಅಳುತ್ತ.

"ಹೌದು," ಎಂದ ಅವನು. ಕೈ ಬಿಡಲಿಲ್ಲ.

ಅನುರಾಗವು ಅಭಯದ ಮಡಿಲಲ್ಲೇ ಅರಳುವ ಸುಕುಮಾರ ಪುಷ್ಪವೆಂದು ನಾವು ಎಷ್ಟು ಸಲೀಸಾಗಿ ಹೇಳಿಬಿಡುತ್ತೇವೆ! ಆದರೆ ಮನುಷ್ಯಹೃದಯ ಎಷ್ಟೋ ಕಾಲ ತನ್ನ ಅತ್ಯಂತ ನಿಜವಾದ ಮಾತನ್ನು ಸಭ್ಯತೆಯ, ಸಂಕೋಚದ, ಇನ್ನೊಂದು ವಾರವಿದೆಯೆಂಬ ನಂಬಿಕೆಯ ಅಡಿಯಲ್ಲಿ ಹೂತಿಟ್ಟಿರುತ್ತದೆ. ಆ ನಂಬಿಕೆ ಮುರಿದ ಕ್ಷಣ ನಾವು ಯಾರ ಹೆಸರನ್ನು ಕೂಗುತ್ತೇವೋ ಅವರಿಗೆ ನಾವು ಸೇರಿದವರು. ಆ ಕೂಗಿಗೆ ಹೆದರುತ್ತಲೇ ಓಡಿ ಬರುವವರು ನಮಗೆ ಸೇರಿದವರು...