ಹ್ಯಾಲಮ್ ಗೀಚಿದ ಗುಟ್ಟಿನ ಗುರುತು

ಸಿರಿಲ್ ಹ್ಯಾಲಮ್ ನಡೆಯುವಾಗ ಹತ್ತು ಹೆಜ್ಜೆಗೊಮ್ಮೆ ನಿಂತು ಹಿಂದಕ್ಕೆ ನೋಡುತ್ತಿದ್ದರು. ಯಾರೂ ಬರುತ್ತಿರಲಿಲ್ಲ, ಇಂಗ್ಲೆಂಡಿನ ಡರ್ಬಿಶೈರಿನ ನಮ್ಮ ಆ ಬೀದಿಯಲ್ಲಿ ಬರುವುದಕ್ಕಾದರೂ ಯಾರಿದ್ದರು? ಆದರೂ ನಿಂತು, ಮೊಣಕೈ ಸವೆದ ಕಂದು ಕೋಟಿನ ಜೇಬನ್ನು ತಡವಿ, ಗ್ಯಾರೇಜಿನ ಬೀಗದ ಕೈ ಅಲ್ಲೇ ಇದೆಯೆಂದು ಖಾತ್ರಿ ಮಾಡಿಕೊಂಡೇ ಮುಂದುವರಿಯುತ್ತಿದ್ದರು. ಹಾಲು ಹಾಕುವವನನ್ನು, ಹವಾಮಾನದ ವರದಿಯನ್ನು, ಪಾದ್ರಿಯ ಮುಗುಳ್ನಗೆಯನ್ನು ಅವರು ಸಮಾನವಾಗಿ ಸಂಶಯಿಸುತ್ತಿದ್ದರು. ಹದಿನೆಂಟು ವರ್ಷ ಪಕ್ಕದ ಮನೆಯಲ್ಲಿದ್ದ ನನ್ನನ್ನೂ ಬಿಟ್ಟಿರಲಿಲ್ಲ. ‘ತಾನು ಕಳ್ಳ, ಪರರ ನಂಬ’ ಎಂಬ ಗಾದೆ ಅವರಿಗೆ ಒಪ್ಪುವುದಿಲ್ಲ. ಇನ್ನೊಬ್ಬರ ಗುಂಡುಸೂಜಿಯನ್ನೂ ಮುಟ್ಟಿದವರಲ್ಲ. ಆ ಸಂಶಯದಿಂದ ಪಾರಾಗಿದ್ದವರು ಒಬ್ಬರೇ, ನಲವತ್ತು ವರ್ಷಗಳ ಗೆಳೆಯ ಡೆಂಜಿಲ್ ಕ್ರೌಚ್.

ಗ್ಯಾರೇಜಿನಲ್ಲಿ ಅವರದೊಂದು ಹಸಿರು ಸ್ಪೋರ್ಟ್ಸ್ ಕಾರಿತ್ತು, ಎರಡೇ ಸೀಟಿನದು, ಮೂವತ್ತು ವರ್ಷ ಹಳೆಯದು. ಆ ವಸಂತದಲ್ಲಿ ಅದರ ಆಯಿಲ್ಲಿಗೆ ನೀರು ಸೇರಿ ಹಾಲು ಹೆಚ್ಚಾದ ಚಹಾದ ಬಣ್ಣಕ್ಕೆ ತಿರುಗಿತು. ಎಂಜಿನ್ನಿನ ಮೇಲೆ ಮುಚ್ಚಳದಂತೆ ಕೂರುವ ಸಿಲಿಂಡರ್ ಹೆಡ್ ಬಿಚ್ಚದೆ ಗತಿಯಿರಲಿಲ್ಲ. ಬಿಚ್ಚುವುದೇ ಒಂದು ವ್ರತ: ನಟ್ಟುಗಳನ್ನು ಕ್ರಮ ತಪ್ಪದೆ ಅರ್ಧರ್ಧ ಸುತ್ತು ಸಡಿಲಿಸಿ, ವಾಲ್ವುಗಳನ್ನು ಆಡಿಸುವ ಎಂಟು ಉಕ್ಕಿನ ಕಡ್ಡಿಗಳನ್ನು ಬಿಸ್ಕತ್ತಿನ ರಟ್ಟಿಗೆ ತೂತು ಕೊರೆದು, ಅಂಕಿ ಬರೆದು, ಅದರಲ್ಲಿ ಸಿಕ್ಕಿಸಿ, ಆ ರಟ್ಟನ್ನು ಹೆಂಡತಿ ಈನಿಡ್ ಕೂಡ ಮುಟ್ಟದಂತೆ ಬೀರುವಿನಲ್ಲಿಟ್ಟು ಬೀಗ ಜಡಿದರು.

ಹೆಡ್ಡಿನ ಅಡಿಭಾಗ ಸೊಟ್ಟಗಾಗಿತ್ತು. ಅದನ್ನು ಹೆರೆದು ಮಟ್ಟ ಮಾಡಿಸಲು ಡೆಂಜಿಲ್ ತಮ್ಮ ವ್ಯಾನಿನಲ್ಲಿ ಪಟ್ಟಣದ ವರ್ಕ್‌ಶಾಪಿಗೆ ಒಯ್ದರು. ವರ್ಕ್‌ಶಾಪಿನವರು ಅದನ್ನಿಟ್ಟುಕೊಂಡು ಬಿರುಕುಬಿಟ್ಟ ಬೇರೊಂದನ್ನು ದಾಟಿಸಿಯಾರೆಂದು ಹ್ಯಾಲಮ್ ಮೊದಲೇ, ಯಾರಿಗೂ ಹೇಳದೆ, ಅದಕ್ಕೆ ಸೂಜಿಯಿಂದ ಒಂದು ಗುರುತು ಗೀಚಿದ್ದರು. ವಾರದ ನಂತರ ಹೆಡ್ ಡೆಂಜಿಲರ ವ್ಯಾನಿನಲ್ಲೇ ಥಳಥಳಿಸುತ್ತ ಮರಳಿತು. ಗುರುತು ಇರಲಿಲ್ಲ.

ಭಾನುವಾರದ ಚಹಾಕ್ಕೆ ಎಂದಿನಂತೆ ಬಂದ ಡೆಂಜಿಲರನ್ನು ಹ್ಯಾಲಮ್ ಬಾಗಿಲಲ್ಲೇ ತಡೆದರು.

“ನನ್ನ ಹೆಡ್ ಯಾರಿಗೆ ಮಾರ್ದೆ?”

ಡೆಂಜಿಲ್ ಮೊದಲು ನಕ್ಕರು. ಆಮೇಲೆ ನಗಲಿಲ್ಲ. “ನಲವತ್ತು ವರ್ಷ ಆಯ್ತಲ್ಲೋ ಮಾರಾಯ. ಕೊನೆಗೆ ನಾನೂ ನಿನ್ನ ಸಂಶಯದ ಪಟ್ಟಿಗೆ ಸೇರಿದ್ನಾ?” ಎಂದು ಟೋಪಿ ಹಾಕಿಕೊಂಡು ಹೊರಟುಹೋದರು.

ಮೂರು ಭಾನುವಾರ ಚಹಾದ ಹೊತ್ತಿಗೆ ಡೆಂಜಿಲರ ಕುರ್ಚಿ ಖಾಲಿಯಿತ್ತು. ಈನಿಡ್ ನಮ್ಮ ಅಡುಗೆಮನೆಗೆ ಬಂದು, ಇವರಿಗೆ ಇದ್ದ ಗೆಳೆಯ ಅವನೊಬ್ಬನೇ, ಅವನೂ ಹೋದರೆ ಇವರು ಕಾರಿನ ಜೊತೆ ಮಾತಾಡಿಕೊಂಡೇ ಸಾಯುತ್ತಾರೆ ಎಂದು ಕಣ್ಣೀರು ಹಾಕಿದರು. ನನಗೆ ಸಿಟ್ಟೇ ಬಂತು. ಎಂಜಿನ್ನಿನ ವಿದ್ಯೆ ನನಗೇನೂ ತಿಳಿಯದಿದ್ದರೂ ನೆಟ್ಟಗೆ ಗ್ಯಾರೇಜಿಗೆ ಹೋಗಿ, ಗುರುತು ಎಲ್ಲಿ ಹಾಕಿದ್ದಿರಿ ಎಂದು ಕೇಳಿದೆ.

“ಅಡಿಭಾಗಕ್ಕೆ. ಕೂರಿಸಿದ್ಮೇಲೆ ಯಾರ ಕಣ್ಣಿಗೂ ಬೀಳ್ಬಾರದಲ್ಲ.”

“ಮತ್ತೆ ವರ್ಕ್‌ಶಾಪಿನವರು ಹೆರೆದಿದ್ದು ಯಾವ ಕಡೆ?”

ಹ್ಯಾಲಮ್ ಹೆರೆದು ಹೊಳೆಯುತ್ತಿದ್ದ ಆ ಅಡಿಭಾಗದ ಮೇಲೆ ಹೆಬ್ಬೆರಳನ್ನು ಆಡಿಸಿದರು. ಆಮೇಲೆ ಕೋಟು ತೊಟ್ಟು ಡೆಂಜಿಲರ ಮನೆಯತ್ತ ನಡೆದರು. ಬೀದಿಯ ತುದಿಯವರೆಗೂ ಒಮ್ಮೆಯೂ ಹಿಂದಕ್ಕೆ ನೋಡಲಿಲ್ಲ. ಗ್ಯಾರೇಜಿನ ಬಾಗಿಲು ತೆರೆದೇ ಇತ್ತು.

ಅಲ್ಲಿ ಏನು ಹೇಳಿದರೋ ತಿಳಿಯದು. ಶನಿವಾರ ಮಾತ್ರ, ಹ್ಯಾಲಮ್ ಯಾರಿಗೂ ಮುಟ್ಟಗೊಡದ ತಮ್ಮ ಟಾರ್ಕ್ ರೆಂಚನ್ನು, ನಟ್ಟಿನ ಬಿಗಿಯನ್ನು ಅಳೆದು ತೋರುವ ಆ ಸ್ಪ್ಯಾನರನ್ನು, ಡೆಂಜಿಲರ ಕೈಗೆ ಕೊಟ್ಟು, ನೀನೇ ಬಿಗಿ ಮಾಡು ಎಂದದ್ದನ್ನು ನಾನು ಕಂಡೆ. ಡೆಂಜಿಲ್ ನಡುವಿನಿಂದ ಹೊರಕ್ಕೆ, ಮೂರು ಸುತ್ತಿನಲ್ಲಿ, ಹನ್ನೊಂದು ನಟ್ಟುಗಳನ್ನು ಬಿಗಿದರು. ಹ್ಯಾಲಮ್ ಕೈಗಳನ್ನು ಬೆನ್ನ ಹಿಂದೆ ಕಟ್ಟಿ ನಿಂತಿದ್ದರು, ಬೆರಳುಗಳು ಚಡಪಡಿಸುತ್ತಿದ್ದವು. ಮುಗಿದ ಮೇಲೆ ಡೆಂಜಿಲ್ ರೆಂಚನ್ನು ಒರೆಸಿ ಚಾಚಿದರು.

“ತಗೋ. ನಾನು ಒಳಗೆ ಹೋಗಿ ಚಹಾ ಕುಡೀತೀನಿ. ನೀನು ಎಲ್ಲಾ ಒಂದ್ಸಲ ನೋಡ್ಕೊಂಡು ಬಾ.”

ಹ್ಯಾಲಮ್ ನಾಚಿಕೊಂಡರು. ಆದರೂ ತೆಗೆದುಕೊಂಡು ಹನ್ನೊಂದನ್ನೂ ನೋಡಿದರು. ಒಂದೂ ಸಡಿಲವಿರಲಿಲ್ಲ.

ಲೋಕವನ್ನೆಲ್ಲ ಕಾವಲು ಕಾಯುವ ಇಂಥವರು ತಮ್ಮ ಕೈಯೊಂದನ್ನೇ ಸಂಶಯಿಸಲು ಮರೆಯುತ್ತಾರೆ. ಅವರನ್ನು ತಿದ್ದಲಾಗದು, ನಂಬಿಸುವುದಂತೂ ದೂರದ ಮಾತು. ಅವರ ಗೆಳೆಯರಾದವರು ಮಾಡಬಹುದಾದದ್ದು ಇಷ್ಟೇ: ಅವರು ನಮ್ಮ ಕೆಲಸವನ್ನು ಪರೀಕ್ಷಿಸುವಷ್ಟು ಹೊತ್ತು ಒಳಗೆ ಹೋಗಿ, ಇನ್ನೊಂದು ಲೋಟ ಚಹಾ ಬಗ್ಗಿಸಿಟ್ಟು ಕಾಯುವುದು.